ದೇಹದ ಹಾಸು-ಹೊಕ್ಕು

ಕೊಳ್ಳೇಗಾಲದ ಜವಳಿ ಅಂಗಡಿಗಳಲ್ಲಿ ಮದುವೆಯ ಸೀರೆ ಆರಿಸಲು ಕುಳಿತ ಗೃಹಿಣಿಯರ ಬಾಯಲ್ಲಿ ‘ಟಿಶ್ಯೂ’ ಎಂಬ ಮಾತು ಸಲೀಸಾಗಿ ಬರುತ್ತದೆ. ರೇಷ್ಮೆಯ ಹಾಸಿನಲ್ಲಿ ಜರಿಯ ಹೊಕ್ಕನ್ನು ಸೇರಿಸಿ ನೇಯ್ದ, ಬೆಳಕು ಬಿದ್ದ ಕಡೆಯೆಲ್ಲ ಹೊಳೆಯುವ ಸೀರೆಗೆ ಆ ಹೆಸರು. ಅದೇ ಊರಿನ ಆಸ್ಪತ್ರೆಯಲ್ಲಿ ವೈದ್ಯರು ರೋಗಿಯೊಬ್ಬನ ಮಗನನ್ನು ಪಕ್ಕಕ್ಕೆ ಕರೆದು, “ಟಿಶ್ಯೂ ತೆಗೆದು ಮೈಸೂರಿಗೆ ಕಳಿಸಬೇಕು” ಎಂದರೆ ಮಾತ್ರ ಮನೆಮಂದಿಯ ಮುಖ ಕಪ್ಪಿಡುತ್ತದೆ. ಸೀರೆಯ ಟಿಶ್ಯೂ ಬೇರೆ, ಶರೀರದ ಟಿಶ್ಯೂ ಬೇರೆ, ಉಚ್ಚಾರದಲ್ಲಷ್ಟೇ ಹೋಲಿಕೆ ಎಂದು ಯಾರಾದರೂ ಭಾವಿಸಿದ್ದರೆ ಅದು ಸರಿಯಲ್ಲ. ಎರಡೂ ಒಂದೇ ಪದ. ನೇಯ್ದದ್ದು ಎಂಬುದೇ ಅದರ ಅರ್ಥ.

ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ‘ಎಚ್.ಪಿ.ಇ.’ ಎಂಬ ಮೂರಕ್ಷರಗಳಿರುತ್ತವೆ. ಬಿಡಿಸಿ ಓದಿದರೆ ಹಿಸ್ಟೋಪೆಥಾಲಜಿಕಲ್ ಎಕ್ಸಾಮಿನೇಷನ್. ಹಳ್ಳಿಯ ಜನ ಇದನ್ನು ‘ಚೂರು ತೆಗೆದು ಕಳಿಸೋದು’ ಎನ್ನುತ್ತಾರೆ. ಪಟ್ಟಣದವರು ‘ಬಯಾಪ್ಸಿ’ ಎನ್ನುತ್ತಾರೆ. ಯಾರು ಏನೆಂದರೂ ಕೇಳಿದವರ ಮನಸ್ಸಿನಲ್ಲಿ ಅದು ಒಂದೇ ರೋಗದ ಹೆಸರಾಗಿ ಪರಿವರ್ತನೆಗೊಳ್ಳುತ್ತದೆ. ಪರೀಕ್ಷೆಯ ಹೆಸರೇ ತೀರ್ಪಾಗಿ ಕೇಳಿಸುವುದರಿಂದ ಎಷ್ಟೋ ಮಂದಿ ಪರೀಕ್ಷೆಗೇ ಒಪ್ಪುವುದಿಲ್ಲ; ಒಪ್ಪಿದವರಲ್ಲಿ ಕೆಲವರು ವರದಿ ತರಲು ಮರಳಿ ಹೋಗುವುದಿಲ್ಲ. ಆದುದರಿಂದ ಈ ಪದವನ್ನು ಸ್ವಲ್ಪ ಬಿಚ್ಚಿ ನೋಡುವುದು ಅವಶ್ಯ.

ಮಗ್ಗದಿಂದ ಬಂದ ಮಾತು

‘ಹಿಸ್ಟೋಸ್’ ಎಂಬುದು ಗ್ರೀಕ್ ಶಬ್ದ. ಮಗ್ಗವೆಂದೂ, ಮಗ್ಗದ ಮೇಲೆ ಮೂಡುವ ನೇಯ್ಗೆಯೆಂದೂ ಅದರ ಅರ್ಥ. ಹೋಮರನ ಕಾವ್ಯದಲ್ಲಿ ಪೆನೆಲೋಪೆ ಹಗಲೆಲ್ಲ ನೇಯ್ದು ಇರುಳಿನಲ್ಲಿ ಬಿಚ್ಚುತ್ತಿದ್ದಳಲ್ಲವೆ, ಆ ಮಗ್ಗಕ್ಕೂ ಇದೇ ಹೆಸರು. ‘ಪೆಥಾಸ್’ ಎಂದರೆ ಬೇನೆ. ಬೇನೆಗೊಳಗಾದ ನೇಯ್ಗೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಓದುವ ಶಾಸ್ತ್ರವೇ ಹಿಸ್ಟೋಪೆಥಾಲಜಿ. ಬೇನೆಯ ಮಾತಿಲ್ಲದೆ ಆರೋಗ್ಯವಂತ ನೇಯ್ಗೆಯನ್ನಷ್ಟೇ ಅಭ್ಯಾಸ ಮಾಡುವುದು ಹಿಸ್ಟಾಲಜಿ.

ಶರೀರವನ್ನು ಬಟ್ಟೆಗೆ ಹೋಲಿಸಿದ ಈ ಕಲ್ಪನೆ ಫ್ರಾನ್ಸ್ ದೇಶದ ಕ್ಸೇವಿಯರ್ ಬಿಶಾ ಎಂಬ ತರುಣ ವೈದ್ಯನದು. ನೂರಾರು ಶವಗಳನ್ನು ಛೇದಿಸಿ ನೋಡಿದ ಆತ, ಹೃದಯ, ಕರುಳು, ಶ್ವಾಸಕೋಶ ಎಂದು ನಾವು ಬೇರೆ ಬೇರೆಯಾಗಿ ಕಾಣುವ ಅಂಗಗಳೆಲ್ಲ 21 ಬಗೆಯ ನೇಯ್ಗೆಗಳಿಂದಲೇ ಆದುವೆಂದೂ, ರೋಗವು ಅಂಗವನ್ನು ಹಿಡಿಯುವುದಕ್ಕಿಂತ ಅದರೊಳಗಿನ ಒಂದು ನೇಯ್ಗೆಯನ್ನು ಹಿಡಿಯುತ್ತದೆಂದೂ ಸಾರಿದ. ವಿಚಿತ್ರವೆಂದರೆ, ಈತ ಸೂಕ್ಷ್ಮದರ್ಶಕವನ್ನು ನಂಬುತ್ತಿರಲಿಲ್ಲ. ಬರಿಗಣ್ಣಿನಿಂದಲೇ ಇಷ್ಟನ್ನೂ ಕಂಡವನು. 1802ರಲ್ಲಿ, ಮೂವತ್ತರ ಹರಯದಲ್ಲೇ ತೀರಿಕೊಂಡ. ‘ಹಿಸ್ಟಾಲಜಿ’ ಎಂಬ ಹೆಸರನ್ನು 1819ರಲ್ಲಿ ಜರ್ಮನಿಯ ಮೇಯರ್ ಬಳಕೆಗೆ ತಂದ. 1858ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಖೋ, ರೋಗದ ಮೂಲವನ್ನು ಜೀವಕೋಶದಲ್ಲೇ ಹುಡುಕಬೇಕೆಂದು ತನ್ನ ಪ್ರಸಿದ್ಧ ಉಪನ್ಯಾಸಗಳಲ್ಲಿ ಪ್ರತಿಪಾದಿಸಿದ. ಅಲ್ಲಿಂದ ಮುಂದೆ ಸೂಕ್ಷ್ಮದರ್ಶಕವಿಲ್ಲದ ವೈದ್ಯಶಾಸ್ತ್ರವೇ ಇಲ್ಲವೆನ್ನುವಂತಾಯಿತು. ‘ಬಯಾಪ್ಸಿ’ ಎಂಬ ಮಾತು ಇನ್ನೂ ಈಚಿನದು. 1879ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಬೆನಿಯೆ ರೂಢಿಗೆ ತಂದದ್ದು. ‘ಬಯಾಸ್’ ಎಂದರೆ ಜೀವ, ‘ಆಪ್ಸಿಸ್’ ಎಂದರೆ ನೋಟ. ಸತ್ತ ಮೇಲೆ ಕೊಯ್ದು ನೋಡುವುದಕ್ಕೆ ಎದುರಾಗಿ, ಬದುಕಿರುವವರಿಂದ ಚೂರು ತೆಗೆದು ನೋಡುವುದು. ಚೂರು ತೆಗೆಯುವುದು ಬಯಾಪ್ಸಿ. ಅದನ್ನು ಓದುವುದು ಹಿಸ್ಟೋಪೆಥಾಲಜಿ. ಇವೆರಡರ ವ್ಯತ್ಯಾಸ ಇಷ್ಟೆ.

ಕನ್ನಡದಲ್ಲಿ ಟಿಶ್ಯೂವಿಗೆ ಈಗ ‘ಅಂಗಾಂಶ’ ಎನ್ನುತ್ತೇವೆ. ಅಂಗದ ಅಂಶವೆಂಬ ಅರ್ಥ ಸ್ಪಷ್ಟವಾಗಿದೆ. ಆದರೆ ಮಗ್ಗದ ನೆನಪು ಅದರಲ್ಲಿ ಉಳಿದಿಲ್ಲ. ‘ಊತಕ’ ಎಂಬ ಇನ್ನೊಂದು ಪದವೂ ಉಂಟು. ಸಂಸ್ಕೃತದಲ್ಲಿ ‘ಊತ’ ಎಂದರೆ ನೇಯ್ದದ್ದು. ಬೃಹದಾರಣ್ಯಕದಲ್ಲಿ ಗಾರ್ಗಿಯು ಯಾಜ್ಞವಲ್ಕ್ಯರನ್ನು, ಈ ಜಗತ್ತು ಯಾವುದರಲ್ಲಿ ಓತಪ್ರೋತವಾಗಿದೆ ಎಂದು ಕೇಳಿದಳೆಂಬ ಪ್ರಸಂಗವನ್ನು ವಾಚಕರು ಬಲ್ಲರು. ಆ ಓತವೂ ಪ್ರೋತವೂ ನೇಕಾರನ ಹಾಸು ಹೊಕ್ಕುಗಳೇ. ಅರ್ಥದ ದೃಷ್ಟಿಯಿಂದ ಊತಕದಷ್ಟು ಒಪ್ಪುವ ಶಬ್ದ ಬೇರೆಯಿಲ್ಲ. ಆದರೆ ಕನ್ನಡದ ಕಿವಿಗೆ ‘ಊತ’ ಎಂದರೆ ಬಾವು! ಕಾಲು ಊದಿಕೊಂಡವನ ಮುಂದೆ ಊತಕದ ಮಾತೆತ್ತಿದರೆ ಅವನು ಏನೆಂದು ತಿಳಿಯಬೇಕು? ಅಂಗಾಂಶವೇ ಗೆದ್ದದ್ದು ಇದರಿಂದಲೇ ಇರಬೇಕೆಂದು ನನಗೆ ತೋರುತ್ತದೆ. ವೈದ್ಯಕ ಪದಗಳ ಹುಟ್ಟು ಮತ್ತು ರಚನೆಯನ್ನು ಕುರಿತು ಪುಸ್ತಕವನ್ನೇ ಬರೆದ ಡಾ. ಡಿ. ಎಸ್. ಶಿವಪ್ಪನವರಂಥವರೂ, ಸ್ವತಃ ರೋಗಶಾಸ್ತ್ರಜ್ಞರಾಗಿದ್ದು ಸರಳ ಕನ್ನಡದಲ್ಲಿ ಜನರಿಗೆ ಆರೋಗ್ಯ ಬೋಧಿಸಿದ ಡಾ. ಸ. ಜ. ನಾಗಲೋಟಿಮಠರಂಥವರೂ ಪಟ್ಟ ಶ್ರಮದ ಫಲವಾಗಿ ಇಂಥ ಪದಗಳು ಪುಸ್ತಕದಲ್ಲೇನೋ ನೆಲೆ ನಿಂತಿವೆ. ಆಸ್ಪತ್ರೆಯ ಚೀಟಿಗೆ ಇನ್ನೂ ಇಳಿದಿಲ್ಲ.

ತಾಯಿ ಚಿಟ್ಟೆಯ ಪರೀಕ್ಷೆ

ಸೂಕ್ಷ್ಮದರ್ಶಕವೆಂಬುದು ಕೊಳ್ಳೇಗಾಲದ ಸೀಮೆಗೆ ಆಸ್ಪತ್ರೆಯ ಮೂಲಕವಷ್ಟೇ ಪರಿಚಯವಾದದ್ದಲ್ಲ. ರೇಷ್ಮೆಯ ಕಸುಬೂ ಅದನ್ನು ಬಲ್ಲುದು. 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು, ಆಗಲೂ ಹಿಪ್ಪುನೇರಳೆಗೂ ರೇಷ್ಮೆಗೂ ಹೆಸರಾಗಿದ್ದಿತು. ರೇಷ್ಮೆ ಹುಳುವನ್ನು ಕಾಡುವ ‘ಗಂಟು ರೋಗ’ದ ಹೆಸರು ಕೇಳಿದರೆ ಇಂದಿಗೂ ಸಾಕಣೆದಾರ ಬೆಚ್ಚುತ್ತಾನೆ. ಈ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. 1865ರಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮವೇ ಇದರಿಂದ ನೆಲಕಚ್ಚುವ ಸ್ಥಿತಿಯಲ್ಲಿದ್ದಾಗ ಲೂಯಿ ಪಾಸ್ತರನನ್ನು ಅಲ್ಲಿಗೆ ಕಳುಹಿಸಲಾಯಿತು. ಆತ ಕಂಡುಕೊಂಡ ಉಪಾಯ ಬಹು ಸರಳ: ಒಂದೊಂದು ಹೆಣ್ಣು ಚಿಟ್ಟೆಯೂ ಬೇರೆ ಬೇರೆಯಾಗಿ ಮೊಟ್ಟೆಯಿಡಲಿ, ಬಳಿಕ ಆ ಚಿಟ್ಟೆಯನ್ನು ಅರೆದು ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಡಬೇಕು. ನಮ್ಮ ಬಿತ್ತನೆ ಕೋಠಿಗಳಲ್ಲಿ ರೋಗರಹಿತ ಮೊಟ್ಟೆ ತಯಾರಾಗುವುದು ಇಂದಿಗೂ ಈ ತಾಯಿ ಚಿಟ್ಟೆಯ ಪರೀಕ್ಷೆಯ ಆಧಾರದ ಮೇಲೆಯೇ. ಹುಳು ಸಾಕುವವರು ಅದಕ್ಕೆ ಹೆದರುವುದಿಲ್ಲ. ಪರೀಕ್ಷೆಯಾಗದ ಮೊಟ್ಟೆಗೆ ಹೆದರುತ್ತಾರೆ.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಚಿಟ್ಟೆಯನ್ನು ಅರೆದಾಗ ನೇಯ್ಗೆ ನಾಶವಾಗುತ್ತದೆ. ರೋಗಾಣು ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾದ್ದರಿಂದ ಅಲ್ಲಿ ಅದು ನಷ್ಟವಲ್ಲ. ಮನುಷ್ಯನ ಗಡ್ಡೆಯ ವಿಷಯ ಹಾಗಲ್ಲ. ಅಲ್ಲಿ ಪರಕೀಯವಾದದ್ದೇನೂ ಇಲ್ಲದಿರಬಹುದು. ದೇಹದ ಸ್ವಂತ ಜೀವಕೋಶಗಳೇ ತಮ್ಮ ಸಾಲನ್ನೂ ಗಡಿಯನ್ನೂ ಮರೆತಿರಬಹುದು. ಎಳೆಗಳನ್ನು ಕಿತ್ತು ರಾಶಿ ಹಾಕಿದರೆ ಸೀರೆಯ ತಪ್ಪು ತಿಳಿಯುವುದೆ? ಹಾಸು ಎಲ್ಲಿ ತಪ್ಪಿತು, ಹೊಕ್ಕು ಎಲ್ಲಿ ಜಾರಿತು ಎಂದು ನೋಡಲು ಬಟ್ಟೆ ಬಟ್ಟೆಯಾಗಿಯೇ ಉಳಿದಿರಬೇಕು. ಸಣ್ಣ ಸೂಜಿಯಿಂದ ಗಡ್ಡೆಯ ಕೋಶಗಳನ್ನು ಹೀರಿ ನೋಡುವ ‘ಎಫ್.ಎನ್.ಎ.ಸಿ.’ ಎಂಬ ಪರೀಕ್ಷೆ ಎಳೆಗಳನ್ನು ನೋಡಿದಂತೆ. ಬೇಗ ಆಗುತ್ತದೆ, ನೋವೂ ಕಡಿಮೆ, ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದಾಗ ವೈದ್ಯರು ಚೂರನ್ನೇ ಕೇಳುತ್ತಾರೆ. ಒಂದೇ ಪರೀಕ್ಷೆಯನ್ನು ಎರಡು ಸಾರಿ ಮಾಡಿಸಿ ಹಣ ಕಿತ್ತರೆಂದು ದೂರುವವರು ಇದನ್ನು ತಿಳಿದಿರಬೇಕು.

ಸತ್ತೇಗಾಲದಿಂದ ಹೊರಟ ಸೀಸೆ

ಕಾವೇರಿ ಕವಲೊಡೆದು ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುವ ಶಿವನಸಮುದ್ರದ ಪಕ್ಕದ ಊರು ಸತ್ತೇಗಾಲ. ಅಲ್ಲಿನ ರೈತನೊಬ್ಬನನ್ನು ಊಹಿಸಿಕೊಳ್ಳೋಣ. ವಯಸ್ಸು ಐವತ್ತರ ಸುಮಾರು. ಎಲೆ, ಅಡಿಕೆ, ಸುಣ್ಣದ ಜೊತೆಗೆ ಕಡ್ಡಿಪುಡಿಯನ್ನು ಕೆನ್ನೆಯ ಸಂದಿನಲ್ಲಿ ಇರಿಸಿಕೊಳ್ಳುವ ಅಭ್ಯಾಸ ಹದಿನೆಂಟರಿಂದ ಇದೆ. ಆ ಸಂದಿನಲ್ಲೇ ಒಂದು ಬಿಳಿಯ ಮಚ್ಚೆ, ಅದರ ನಡುವೆ ಮೂರು ವಾರವಾದರೂ ಮಾಯದ ಹುಣ್ಣು. ಹೊಗೆಸೊಪ್ಪಿಗೂ ಬಾಯಿಯ ಕ್ಯಾನ್ಸರಿಗೂ ಇರುವ ನಂಟನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ವಿ. ಆರ್. ಖಾನೋಲ್ಕರರು 1940ರ ದಶಕದಲ್ಲೇ ಎತ್ತಿ ತೋರಿಸಿದ್ದರು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಹಾಗೆಂದು ಪ್ರತಿಯೊಂದು ಹುಣ್ಣೂ ಏಡಿಗಂತಿಯಲ್ಲ. ಮುರಿದ ಹಲ್ಲಿನ ಚೂಪು ತಾಗಿಯೂ ಹುಣ್ಣಾಗಬಹುದು. ಕ್ಷಯವೂ ಬಾಯಲ್ಲಿ ಹುಣ್ಣಾಗಿ ತೋರಬಹುದು. ಕಣ್ಣಿಗೆ ಇವೆಲ್ಲ ಹೆಚ್ಚು ಕಡಿಮೆ ಒಂದೇ ತೆರ. ಆದ್ದರಿಂದ ವೈದ್ಯರು ಮರವೆಯ ಸೂಜಿಮದ್ದು ಕೊಟ್ಟು, ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರನ್ನು ತೆಗೆದು ಸೀಸೆಗೆ ಹಾಕಿದರು.

ಮುಂದಿನದು ಆ ಅಕ್ಕಿಕಾಳಿನ ಯಾತ್ರೆ. ಎಲ್ಲ ಎಡವಟ್ಟುಗಳೂ ಇಲ್ಲಿಯೇ ಆಗುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೀಸೆಯಲ್ಲಿರುವ, ಮೂಗಿಗೆ ಅಡರುವ ನೀರಿನ ಹೆಸರು ಫಾರ್ಮಲಿನ್. ನೂರಕ್ಕೆ ಹತ್ತರ ದ್ರಾವಣ. 1893ರಲ್ಲಿ ಜರ್ಮನಿಯ ಫರ್ಡಿನೆಂಡ್ ಬ್ಲೂಮ್ ಎಂಬಾತ ಇದನ್ನು ಕ್ರಿಮಿನಾಶಕವೆಂದು ಪರೀಕ್ಷಿಸುತ್ತಿದ್ದಾಗ ತನ್ನ ಬೆರಳ ತುದಿಗಳು ಗಡುಸಾದುದನ್ನು ಗಮನಿಸಿದ. ಹಾಗಾದರೆ ಶರೀರದ ಚೂರುಗಳನ್ನೂ ಇದು ಗಡುಸು ಮಾಡೀತೆಂದು ಊಹಿಸಿದ. ದೇಹದಿಂದ ಬೇರೆಯಾದ ಚೂರು ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಫಾರ್ಮಲಿನ್ ಅದನ್ನು ಇದ್ದ ಹಾಗೆಯೇ ನಿಲ್ಲಿಸುತ್ತದೆ. ಮನೆಯವರು ವಾಸನೆ ತಾಳಲಾರದೆ ಅದನ್ನು ಚೆಲ್ಲಿ ಶುದ್ಧ ನೀರು ತುಂಬಿದರೆ, ಇಲ್ಲವೆ ತಣ್ಣಗಿರಲೆಂದು ಮಂಜುಗಡ್ಡೆಯಾಗುವಂತೆ ಇಟ್ಟರೆ, ಮೈಸೂರಿಗೆ ತಲಪುವುದು ನೇಯ್ಗೆಯಲ್ಲ, ಮುದ್ದೆ. ಮರಳಿ ಚೂರು ತೆಗೆಯಬೇಕಾಗುತ್ತದೆ. ರೋಗಿ ಎರಡನೆಯ ಸಾರಿ ಒಪ್ಪುತ್ತಾನೆಂಬ ಭರವಸೆಯಿಲ್ಲ. ದ್ರಾವಣ ಚೂರಿನ ಹತ್ತರಷ್ಟಾದರೂ ಇರಬೇಕು. ಸೀಸೆಯ ಬಾಯಿ ಅಗಲವಾಗಿರಬೇಕು, ಏಕೆಂದರೆ ಮೆತ್ತಗೆ ತೂರಿಸಿದ ಚೂರು ಗಡುಸಾದ ಮೇಲೆ ಕಿರಿದಾದ ಬಾಯಿಂದ ಹೊರಗೆ ಬರುವುದಿಲ್ಲ. ಮುಚ್ಚಳದ ಮೇಲಲ್ಲ, ಸೀಸೆಯ ಮೈಮೇಲೆ ಹೆಸರಿರಬೇಕು. ಮುಚ್ಚಳಗಳು ಅದಲು ಬದಲಾಗುವುದುಂಟು. ವಯಸ್ಸು, ಚೂರು ತೆಗೆದ ಜಾಗ, ವೈದ್ಯರ ಸಂದೇಹ ಇವಿಷ್ಟೂ ಜೊತೆಯ ಚೀಟಿಯಲ್ಲಿರಬೇಕು. ಖಾಲಿ ಚೀಟಿಯೊಂದಿಗೆ ಬಂದ ಚೂರನ್ನು ಓದುವುದೆಂದರೆ ಕಾದಂಬರಿಯ ನಡುವಿನ ಒಂದು ಹಾಳೆಯನ್ನು ಓದಿ ಕಥೆ ಹೇಳಿದಂತೆ.

ಪ್ರಯೋಗಶಾಲೆಯಲ್ಲಿ ಆಗುವ ಕೆಲಸ ಅವಸರದ್ದಲ್ಲ. ಚೂರಿನೊಳಗಿನ ನೀರನ್ನು ಸ್ಪಿರಿಟ್ಟಿನಿಂದಲೂ, ಸ್ಪಿರಿಟ್ಟನ್ನು ಕ್ಸೈಲೀನಿನಿಂದಲೂ ಹೊರದೂಡಿ, ಆ ಜಾಗದಲ್ಲೆಲ್ಲ ಕಾಯಿಸಿದ ಪ್ಯಾರಫಿನ್ ಮೇಣ ತುಂಬುತ್ತಾರೆ. ಆರಿದಾಗ ಅದು ಗಟ್ಟಿಯಾದ ಒಂದು ಅಚ್ಚಾಗುತ್ತದೆ. ಅದನ್ನು ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದರೆ 3ರಿಂದ 5 ಮೈಕ್ರಾನ್ ದಪ್ಪದ ಹಾಳೆಗಳು ಒಂದರ ಬಾಲ ಒಂದು ಹಿಡಿದು ಪಟ್ಟಿಯಂತೆ ಇಳಿಯುತ್ತವೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ಗೂಡಿನಿಂದ ಬಿಚ್ಚುವ ಒಂಟಿ ರೇಷ್ಮೆಯ ಎಳೆಗಿಂತಲೂ ಈ ಹಾಳೆ ತೆಳು! ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಸುಕ್ಕು ಬಿಡಿಸಿ, ಗಾಜಿನ ಫಲಕಕ್ಕೆ ಎತ್ತಿಕೊಳ್ಳುವವರ ಕೈಚಳಕವನ್ನು ನೋಡಿಯೇ ತಿಳಿಯಬೇಕು. ವರದಿಯ ಕೆಳಗೆ ವೈದ್ಯರ ರುಜುವಿರುತ್ತದೆ; ಈ ಕೈಗಳ ಹೆಸರಿರುವುದಿಲ್ಲ.

ಬಣ್ಣ ಹಾಕದ ಹಾಳೆಯಲ್ಲಿ ಏನೂ ಕಾಣದು. ಹೀಮಟಾಕ್ಸಿಲಿನ್, ಇಯೊಸಿನ್ ಎಂಬ ಎರಡು ಬಣ್ಣಗಳು ನೂರೈವತ್ತು ವರ್ಷಗಳ ಹತ್ತಿರದಿಂದ ಜೋಡಿಯಾಗಿ ಬಳಕೆಯಲ್ಲಿವೆ. ಮೊದಲನೆಯದು ಮಧ್ಯ ಅಮೆರಿಕದ ಒಂದು ಮರದ ಕೆಚ್ಚಿನಿಂದ ತೆಗೆದದ್ದು. ಯೂರೋಪಿನ ಬಣ್ಣಗಾರರು ಉಣ್ಣೆಗೂ ರೇಷ್ಮೆಗೂ ಹಾಕುತ್ತಿದ್ದ ಬಣ್ಣವದು. ಎರಡನೆಯದಕ್ಕೆ ಗ್ರೀಕರ ಉಷೋದೇವತೆಯ ಹೆಸರು. ಕೋಶದ ನಡುಬೀಜ ನೇರಳೆಯಾಗಿ, ಸುತ್ತಣ ಭಾಗ ಗುಲಾಬಿಯಾಗಿ ಮೂಡುತ್ತದೆ. ಜವಳಿಯವರಿಂದ ಹೆಸರನ್ನು ಪಡೆದ ಶಾಸ್ತ್ರ ಬಣ್ಣವನ್ನೂ ಅವರಿಂದಲೇ ಕಡ ತಂದಿತು!

ಈಗ ನಮ್ಮ ರೈತನ ಕೆನ್ನೆಯ ಹಾಳೆ ಸೂಕ್ಷ್ಮದರ್ಶಕದ ಕೆಳಗಿದೆ. ಆರೋಗ್ಯವಂತ ಬಾಯಿಯ ಒಳಮೈಯಲ್ಲಿ ಕೋಶಗಳು ಪದರ ಪದರವಾಗಿ ಕುಳಿತಿರುತ್ತವೆ. ತಳದ ಸಾಲು ಒತ್ತಾಗಿ ನಿಂತಿರುತ್ತದೆ. ಮೇಲೆ ಬಂದಂತೆ ಕೋಶಗಳು ಅಗಲವಾಗಿ ಚಪ್ಪಟೆಯಾಗುತ್ತವೆ. ಎಲ್ಲಕ್ಕೂ ಕೆಳಗೆ ಒಂದು ತೆಳುಪೊರೆ ಗಡಿಯಂತೆ ಹಬ್ಬಿರುತ್ತದೆ. ಸಾಲುಗಳು ಕೆಟ್ಟು, ಬೀಜಗಳು ದೊಡ್ಡವಾಗಿ ಕಪ್ಪಾಗಿ, ಆದರೂ ಪೊರೆ ಅಖಂಡವಾಗಿದ್ದರೆ ಅದು ‘ಡಿಸ್ಪ್ಲೇಸಿಯ’, ಎಂದರೆ ನೇಯ್ಗೆ ಕೆಡುತ್ತಿರುವ ಮುನ್ಸೂಚನೆ. ಕ್ಯಾನ್ಸರ್ ಇನ್ನೂ ಅಲ್ಲ. ಕಡ್ಡಿಪುಡಿ ಬಿಟ್ಟು, ಮಚ್ಚೆಯನ್ನು ತೆಗೆಸಿಕೊಂಡು, ಆಗಾಗ ತೋರಿಸಿಕೊಳ್ಳುತ್ತಿದ್ದರೆ ಅಪಾಯವನ್ನು ಬಹಳ ಮಟ್ಟಿಗೆ ತಪ್ಪಿಸಬಹುದು. ಕೆಟ್ಟ ಕೋಶಗಳು ಪೊರೆಯನ್ನು ಒಡೆದು ಕೆಳಗಿಳಿದಿದ್ದರೆ ಮಾತು ಬೇರೆ. ಗಡಿ ದಾಟಿತೆ ಇಲ್ಲವೆ? ಎಕ್ಸ್-ರೇ ಆಗಲಿ, ರಕ್ತಪರೀಕ್ಷೆಯಾಗಲಿ, ಅನುಭವಿ ವೈದ್ಯರ ಬೆರಳಾಗಲಿ ಇಷ್ಟು ನಿಖರವಾಗಿ ಇದಕ್ಕೆ ಉತ್ತರ ಕೊಡಲಾರವು.

ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಂಬ ಭೀತಿ ವಿದ್ಯಾವಂತರ ಮನೆಗಳಲ್ಲೂ ಇದೆ. ಕೆಲವೇ ಕೆಲವು ಅಂಗಗಳ ಗಡ್ಡೆಗಳಲ್ಲಿ ವೈದ್ಯರು ಚೂರು ತೆಗೆಯುವ ದಾರಿಯನ್ನು ಬಹು ಎಚ್ಚರದಿಂದ ಆರಿಸುತ್ತಾರೆ, ಅಥವಾ ಗಡ್ಡೆಯನ್ನೇ ಇಡಿಯಾಗಿ ತೆಗೆಯುತ್ತಾರೆ ಎಂಬುದು ನಿಜ. ಉಳಿದಂತೆ ಈ ಭೀತಿಗೆ ಹೇಳಿಕೊಳ್ಳುವಂಥ ಆಧಾರವಿಲ್ಲ. ಪರೀಕ್ಷೆಯ ಬಳಿಕ ರೋಗ ಹೆಚ್ಚಾದುದನ್ನು ಕಂಡವರು, ಪರೀಕ್ಷೆಯ ಬಳಿಕ ಆರು ತಿಂಗಳು ಚಿಕಿತ್ಸೆಗೆ ಹೋಗದೆ ಕಳೆದುದನ್ನು ಮರೆತು ಮಾತನಾಡುತ್ತಾರೆ.

ವರದಿಯ ಮಾತುಗಳು

ಕೆಲವು ದಿನಗಳಲ್ಲಿ ವರದಿ ಬರುತ್ತದೆ. ಅದರ ಭಾಷೆ ಇಂಗ್ಲಿಷಾದರೂ ಶೈಲಿ ನ್ಯಾಯಾಲಯದ್ದು. ‘ಬೆನೈನ್’ ಎಂದರೆ ಸಾಧು ಗಡ್ಡೆ. ‘ಮ್ಯಾಲಿಗ್ನಂಟ್’ ಎಂದರೆ ಮಾರಕ. ‘ನೆಗೆಟಿವ್ ಫಾರ್ ಮ್ಯಾಲಿಗ್ನೆನ್ಸಿ’ ಎಂದು ಓದಿ ನೆಗೆಟಿವ್ ಪದಕ್ಕೇ ಅಳುವವರುಂಟು. ಅದು ಶುಭವಾರ್ತೆ, ಕಳಿಸಿದ ಚೂರಿನಲ್ಲಿ ಕ್ಯಾನ್ಸರ್ ಕಾಣಲಿಲ್ಲವೆಂದು ಅರ್ಥ. ‘ಇನಡಿಕ್ವೇಟ್’ ಎಂದಿದ್ದರೆ ಚೂರು ಸಾಲದೆಂದೇ ಹೊರತು ರೋಗವಿಲ್ಲವೆಂದಲ್ಲ. ಇದನ್ನು ಶುಭವಾರ್ತೆಯೆಂದು ತಿಳಿದು ಮನೆಗೆ ಮರಳುವುದು ಅಪಾಯಕರ. ‘ಗ್ರಾನ್ಯುಲೋಮ’ ಎಂಬ ಶಬ್ದ ಕಂಡರೆ ನಮ್ಮ ದೇಶದಲ್ಲಿ ವೈದ್ಯರು ಮೊದಲು ನೆನೆಯುವುದು ಕ್ಷಯವನ್ನು. ಕತ್ತಿನ ಗಂಟಿನಿಂದ ಚೂರು ತೆಗೆಸಿಕೊಂಡು, ಕ್ಯಾನ್ಸರೆಂದು ಎದೆಗುಂದಿದವರು ಕೊನೆಗೆ ಕ್ಷಯದ ಗುಳಿಗೆಗಳಿಂದ ಗುಣವಾಗಿ ಹೋಗುವುದು ಅಪರೂಪವಲ್ಲ. ಕುಷ್ಠ, ಮೂತ್ರಪಿಂಡದ ಕೆಲವು ಕಾಯಿಲೆಗಳು, ಕರುಳಿಗೆ ಗೋಧಿ ಒಗ್ಗದ ದೋಷ ಇವುಗಳಿಗೂ ಚೂರಿನ ಪರೀಕ್ಷೆಯುಂಟು.

‘ಗ್ರೇಡ್’ ಮತ್ತು ‘ಸ್ಟೇಜ್’ ಎಂಬ ಎರಡು ಮಾತುಗಳನ್ನು ಒಂದೆಂದು ತಿಳಿಯುವುದು ಸರ್ವಸಾಮಾನ್ಯ. ಗ್ರೇಡ್ ಎಂದರೆ ನೇಯ್ಗೆ ಎಷ್ಟು ಕೆಟ್ಟಿದೆ ಎಂಬ ಅಳತೆ. ಸ್ಟೇಜ್ ಎಂದರೆ ರೋಗ ಎಷ್ಟು ದೂರ ಹಬ್ಬಿದೆ ಎಂಬ ಅಳತೆ. ಗ್ರೇಡ್ ಮೂರೆಂಬುದನ್ನು ಮೂರನೆಯ ಹಂತವೆಂದು ಓದಿಕೊಂಡು ಆಸೆ ಬಿಟ್ಟ ಸಂಸಾರಗಳುಂಟು. ಇನ್ನೊಂದು ಪದ ‘ಮಾರ್ಜಿನ್’. ಗಡ್ಡೆಯನ್ನು ಪೂರ್ತಿ ತೆಗೆದ ಮೇಲೆ ಅದರ ಹೊರ ಅಂಚಿಗೆ ಶಾಯಿ ಬಳಿದು, ರೋಗದ ಕೋಶಗಳು ಶಾಯಿಯನ್ನು ಮುಟ್ಟಿವೆಯೇ ಎಂದು ನೋಡುತ್ತಾರೆ. ‘ಮಾರ್ಜಿನ್ಸ್ ಫ್ರೀ’ ಎಂದರೆ ಅಂಚು ಶುದ್ಧ. ಅಂಚು ನೋಡಿ ಸೀರೆಯ ಯೋಗ್ಯತೆ ಹೇಳುವ ನಮ್ಮ ಹೆಂಗಸರಿಗೆ ಇದನ್ನು ವಿವರಿಸುವುದು ಕಷ್ಟವಾಗಲಾರದು. ವಿವರಿಸುವವರಿಗೆ ಬಿಡುವಿರುವುದಿಲ್ಲ, ಅಷ್ಟೆ.

ಈ ಪದದ ಇನ್ನೊಂದು ಉಪಯೋಗ ಒಬ್ಬ ರೋಗಿಯನ್ನು ಮೀರಿದ್ದು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1982ರಿಂದ ಆ ನಗರದ ಕ್ಯಾನ್ಸರ್ ದಾಖಲಾತಿಯನ್ನು ಇಟ್ಟುಕೊಂಡು ಬಂದಿದೆ. ಅಂಥ ದಾಖಲೆಗಳಲ್ಲಿ ಪ್ರತಿ ರೋಗಿಯ ಎದುರಿಗೂ ರೋಗವನ್ನು ಯಾವ ಆಧಾರದಿಂದ ನಿರ್ಧರಿಸಲಾಯಿತೆಂದು ಬರೆದಿರುತ್ತಾರೆ. ಸೂಕ್ಷ್ಮದರ್ಶಕದಿಂದ ಖಚಿತವಾದವು ನೂರಕ್ಕೆ ಎಷ್ಟೆಂಬುದನ್ನು ನೋಡಿ ಆ ದಾಖಲಾತಿಯ ವಿಶ್ವಾಸಾರ್ಹತೆಯನ್ನು ಅಳೆಯುವುದು ಲೋಕದ ರೂಢಿ. ಸತ್ತೇಗಾಲದಲ್ಲಿ ಚೂರು ತೆಗೆಸಿಕೊಳ್ಳದೆ ತೀರಿಕೊಂಡವನು ಯಾವ ಲೆಕ್ಕದಲ್ಲಿಯೂ ಸರಿಯಾಗಿ ಸೇರುವುದಿಲ್ಲ. ‘ಬಾಯಿ ಹುಣ್ಣಾಗಿ ಹೋದ’ ಎಂದು ಊರಿನವರು ಹೇಳಿಕೊಳ್ಳುವುದಷ್ಟೇ ಅವನ ದಾಖಲೆ. ಈಗ ದೂರವೇನೂ ಹಿಂದಿನಷ್ಟಿಲ್ಲ. ಮೈಸೂರಿನ ವೈದ್ಯಕೀಯ ಕಾಲೇಜಿನ ಜೊತೆಗೆ, 2016ರಿಂದ ಚಾಮರಾಜನಗರದಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿದೆ.

ವರದಿ ಕೈಗೆ ಬಂದ ಮೇಲೆ ಬೆಂಗಳೂರಿಗೋ ಮೈಸೂರಿಗೋ ಚಿಕಿತ್ಸೆಗೆ ಹೊರಡುವವರು ಕಾಗದವನ್ನಷ್ಟೇ ಒಯ್ಯುತ್ತಾರೆ. ಅಲ್ಲಿನ ವೈದ್ಯರು ಚೂರನ್ನು ತಾವೇ ಇನ್ನೊಮ್ಮೆ ನೋಡಬಯಸುತ್ತಾರೆ. ಹೊಸ ಔಷಧಿಗಳನ್ನು ನಿರ್ಧರಿಸಲು ಅದೇ ಚೂರಿನ ಮೇಲೆ ಬೇರೆ ಬಣ್ಣದ ಪರೀಕ್ಷೆಗಳೂ ಬೇಕಾಗಬಹುದು. ಹೀಗಾಗಿ ಗಾಜಿನ ಫಲಕಗಳನ್ನೂ ಮೇಣದ ಅಚ್ಚನ್ನೂ ಪ್ರಯೋಗಶಾಲೆಯಿಂದ ಕೇಳಿ ಪಡೆಯಬೇಕು. ಅಚ್ಚನ್ನು ವರ್ಷಗಟ್ಟಲೆ ಕಾದಿರಿಸುವುದು ಪದ್ಧತಿ. ಬರವಣಿಗೆಯಲ್ಲಿ ಕೇಳಿ ರುಜು ಹಾಕಿದರೆ ಕೊಡುತ್ತಾರೆ. ಫಲಕಗಳನ್ನು ಹತ್ತಿಯಲ್ಲಿ ಸುತ್ತಿ ಗಟ್ಟಿಯಾದ ಡಬ್ಬಿಯಲ್ಲಿಡಿ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಬಿಸಿಲಿಗೆ ಮಾತ್ರ ಅದನ್ನು ಇಡಬೇಡಿ, ಒಳಗಿರುವುದು ಮೇಣ.